ಕಾರ್ಡಿನಲ್ಲಿ ಎದ್ದ ಗೋಡೆ

ಮನೆ ಕಟ್ಟಿಸಿದವರೆಲ್ಲ ಒಂದಲ್ಲ ಒಂದು ದಿನ ಅದರ ಕಥೆ ಹೇಳಿಯೇ ಹೇಳುತ್ತಾರೆ. ಮರಳಿಗೆ ಪಟ್ಟ ಪಾಡು, ಸಿಮೆಂಟಿನ ಪರ್ಮಿಟ್ಟಿಗೆ ಅಲೆದ ಅಲೆದಾಟ, ಬಡಗಿ ಕೈಕೊಟ್ಟಿದ್ದು, ಕೊನೆಗೆ ಎಲ್ಲವನ್ನೂ ತಾವೊಬ್ಬರೇ ನಿಭಾಯಿಸಿ ದಡ ಸೇರಿಸಿದ್ದು. ಐವತ್ತರ ದಶಕದ ಕೊನೆಯಲ್ಲಿ ನಾನೂ ತುಮಕೂರಿನಲ್ಲಿ ಒಂದು ಮನೆ ಕಟ್ಟಿಸಿದೆ. ಆದರೆ ಯಾರಾದರೂ ಆ ಮಾತು ತೆಗೆದರೆ ನಾನು ಎದ್ದು ಒಳಗೆ ಹೋಗಿ ನೀರು ಕುಡಿದು, ಮಾತು ಬೇರೆ ಕಡೆಗೆ ಹೊರಳಿದ ಮೇಲೆ ಬರುತ್ತೇನೆ. ನನ್ನ ಹೆಂಡತಿ ಇದನ್ನು ದುಡ್ಡು ಖರ್ಚಾದ ಸಂಕಟ ಅಂತ ತಿಳಿದುಕೊಂಡಿದ್ದಾಳೆ. ಹಾಗೇ ತಿಳಿದುಕೊಂಡಿರಲಿ ಎಂದು ಬಿಟ್ಟಿದ್ದೇನೆ.

ನನ್ನ ಮನೆಯ ಗೋಡೆ ಎರಡು ಸಲ ಎದ್ದಿತು. ಮೊದಲನೆಯ ಸಲ ಅಂಚೆ ಕಾರ್ಡಿನಲ್ಲಿ, ಎರಡನೆಯ ಸಲ ನೆಲದ ಮೇಲೆ. ಮೊದಲನೆಯದನ್ನು ಕಟ್ಟಿದವನು ನಾನೊಬ್ಬನೇ.

ಕಾರ್ಡು ಹೋಗುತ್ತಿದ್ದದ್ದು ಗುಬ್ಬಿಯಲ್ಲಿದ್ದ ಅಕ್ಕನಿಗೆ. ನಾವು ಮೂಲತಃ ಕುಣಿಗಲ್ಲಿನವರು. ಅಮ್ಮ ತೀರಿಕೊಂಡಾಗ ನನಗೆ ನಾಲ್ಕು ವರ್ಷ, ಅಕ್ಕನಿಗೆ ಹದಿಮೂರು. ಅಪ್ಪ ಜವಳಿ ಅಂಗಡಿಯಲ್ಲಿ ಬಟ್ಟೆ ಅಳೆದುಕೊಡುವ ಕೆಲಸಕ್ಕಿದ್ದರು. ನಾವಿದ್ದದ್ದು ಯಾರದೋ ಮನೆಯ ಹಿಂದಿನ ಎರಡು ಅಂಕಣದಲ್ಲಿ. ಅದಕ್ಕೆ ಓಡಾಡಲು ಒಂದು ಹಿತ್ತಿಲ ಬಾಗಿಲಿತ್ತೇ ಹೊರತು ಹೊಸ್ತಿಲು ಇರಲಿಲ್ಲ, ಬರೀ ಸವೆದ ಒಂದು ಕಲ್ಲು. ಬೆಳಗ್ಗೆ ಅಕ್ಕ ಆ ಕಲ್ಲಿಗೇ ಅರಿಶಿನ ಕುಂಕುಮ ಇಟ್ಟು ರಂಗೋಲಿ ಎಳೆಯುತ್ತಿದ್ದಳು. ಮನೆಯ ಒಡತಿ ಅದನ್ನು ನೋಡಿ, "ಏನೇ ಹುಡ್ಗಿ, ದನ ದಾಟೋ ಕಲ್ಲಿಗೆಲ್ಲ ಪೂಜೆ ಮಾಡ್ತೀಯಲ್ಲೇ" ಎಂದು ನಕ್ಕಿದ್ದರು. ಅಕ್ಕ ರಂಗೋಲಿ ಮುಗಿಸಿ ಎದ್ದಳು. ಒಳಗೆ ಬಂದು ನನ್ನ ತಲೆಗೆ ಎಣ್ಣೆ ಒತ್ತುತ್ತಾ, "ನೀನು ದೊಡ್ಡೋನಾಗಿ ಮನೆ ಕಟ್ಟಿಸ್ಬೇಕು ಕಣೋ. ತಲೆಬಾಗ್ಲು ನಾನೇ ನಿಲ್ಸೋದು. ಬೇರೆ ಯಾರ್ನೂ ಮುಟ್ಟಕ್ ಬಿಡಲ್ಲ" ಎಂದಳು.

ಗುಬ್ಬಿಗೆ ಮದುವೆಯಾಗಿ ಹೋಗುವಾಗ ಅವಳು ನನ್ನನ್ನೂ ಕರೆದುಕೊಂಡು ಹೋದಳು. ಹೊಸ ಸೊಸೆ ತಮ್ಮನನ್ನು ಸೊಂಟಕ್ಕೆ ಕಟ್ಟಿಕೊಂಡು ಬಂದಿದ್ದಾಳೆ ಎಂದು ಬೀದಿಯವರು ಆಡಿಕೊಂಡರಂತೆ. ಭಾವ ಒಂದು ಮಾತೂ ಅನ್ನಲಿಲ್ಲ. ಅವರಿಗೆ ಕೊಬ್ಬರಿ ವ್ಯಾಪಾರ. ತಿಪಟೂರು ಕಡೆಗೇ ಅವರ ಓಡಾಟವೆಲ್ಲ. ನನ್ನನ್ನು ಓದಿಸಿದರು. ತುಮಕೂರಿನ ಸರ್ಕಾರಿ ಕಛೇರಿಯಲ್ಲಿ ಗುಮಾಸ್ತೆ ಕೆಲಸ ಸಿಕ್ಕ ದಿನ ಬೀದಿಗೆಲ್ಲ ಸಕ್ಕರೆ ಹಂಚಿದರು. ಇಷ್ಟು ಹೇಳಿದರೆ ಸಾಕು, ನಾನು ಯಾರಿಗೆ ಏನು ಮಾಡಿದೆ ಎಂಬುದು ಮುಂದೆ ತೂಕವಾಗಿ ತಿಳಿಯುತ್ತದೆ.

ಮದುವೆಯಾಗಿ ಕೆಲವು ವರ್ಷ ವಠಾರದಲ್ಲಿದ್ದು, ಊರಾಚೆ ಹೊಸದಾಗಿ ಗುರುತು ಹಾಕಿದ್ದ ಬಡಾವಣೆಯಲ್ಲಿ ಒಂದು ಸೈಟು ತೆಗೆದುಕೊಂಡೆ. ಆಗ ಅಲ್ಲಿ ಮನೆಗಳಿಗಿಂತ ಗುರುತಿನ ಕಲ್ಲುಗಳೇ ಹೆಚ್ಚು. ನಿಂತು ನೋಡಿದರೆ ದೇವರಾಯನದುರ್ಗದ ಬೆಟ್ಟ ಕಾಣುತ್ತಿತ್ತು. ಸುದ್ದಿ ಹೇಳಲು ಗುಬ್ಬಿಗೆ ಹೋದೆ. ಭಾವ ಕಣ್ಣು ಮಿಟುಕಿಸಿ, "ಮನೆ ಕಟ್ಟಿ ನೋಡು ಅಂತಾರಪ್ಪ. ಗುಮಾಸ್ತೆಗಳು ಕಟ್ಟೋದೆಲ್ಲ ಫೈಲಿನಲ್ಲೇ. ನೋಡ್ತೀನಿ, ನೋಡ್ತೀನಿ" ಎಂದು ಕಿಚಾಯಿಸಿದರು. ಅಕ್ಕ ಮಾತ್ರ, "ಪಾಯ ಗೀಯ ನೋಡೋಕೆ ನಾನು ಬರಲ್ಲ. ಆ ನೆಲಕ್ಕೆ ಕಾಲಿಡೋದು ಬಾಗ್ಲು ನಿಲ್ಸೋ ದಿನವೇ. ಅಲ್ಲೀವರ್ಗೂ ಎಲ್ಲೀಗೆ ಬಂತು ಅಂತ ವಾರ ವಾರ ಒಂದು ಕಾರ್ಡು ಹಾಕು. ನಿಮ್ಮ ಭಾವ ಓದಿ ಹೇಳ್ತಾರೆ" ಎಂದಳು. ಅವಳಿಗೆ ಓದು ಬರುತ್ತಿರಲಿಲ್ಲ.

ದಸರಾ ಹೊತ್ತಿಗೆ ಪಾಯ ಮುಗಿಯಿತು. ಮೇಸ್ತ್ರಿ ಹುತ್ರಿದುರ್ಗದ ಕಡೆಯವನು, ನನಗಿಂತ ಹದಿನೈದು ವರ್ಷ ದೊಡ್ಡವನು. ಮಾತು ಕಡಿಮೆ. ಬಾಯಲ್ಲಿ ಎಲೆಅಡಿಕೆ ಇರುತ್ತಿದ್ದುದರಿಂದ ಆಡಬೇಕಾದ ಮಾತನ್ನೂ ಕೈಯಲ್ಲೇ ಆಡುತ್ತಿದ್ದ. ಮೊದಮೊದಲು ನಾನು ಬರೆದ ಕಾರ್ಡುಗಳೆಲ್ಲ ಸತ್ಯವಾದವು. ಕಲ್ಲು ಬಂತು, ಮಣ್ಣು ತುಂಬಿಸಿ ನೀರು ಕಟ್ಟಿದೆವು, ಇಟ್ಟಿಗೆಗೆ ಸತ್ಯಮಂಗಲದ ಗೂಡಿನಲ್ಲಿ ಹೇಳಿ ಬಂದೆ, ಹೀಗೆ.

ನನ್ನ ಬುದ್ಧಿ ಕೆಟ್ಟದ್ದು ದೀಪಾವಳಿಯಾದ ಮೇಲೆ. ಕಛೇರಿಯಿಂದ ಒಂದು ಅಳತೆ ಟೇಪು ಎರವಲು ತಂದಿದ್ದೆ. ಯಾರೂ ಕೇಳದಿದ್ದರೂ ಪಾಯದ ನಾಲ್ಕೂ ಕಡೆ ಹಿಡಿದು ಅಳೆದೆ. ನಕ್ಷೆಗಿಂತ ಒಂದು ಕಡೆ ಮೂರು ಅಂಗುಲ ಹೆಚ್ಚಿತ್ತು. ಕಳ್ಳನನ್ನು ಹಿಡಿದವನ ಹಾಗೆ ಹಿಗ್ಗಿದೆ. ಕೂಲಿಯ ಹೆಂಗಸರೆಲ್ಲ ನಿಂತು ನೋಡುತ್ತಿದ್ದಾಗ ಮೇಸ್ತ್ರಿಯನ್ನು ಕರೆದು, "ಏನಯ್ಯ ಇದು? ಕಣ್ಣು ಕಾಣ್ಸಲ್ವಾ ನಿಂಗೆ?" ಎಂದು ಕೂಗಿದೆ.

ಅವನು ಎಲೆಅಡಿಕೆ ಉಗಿದು ಬಂದು, "ಅದು ಆಯಕ್ಕೆ ಬುಟ್ಟಿರೋದು ಸ್ವಾಮಿ" ಎಂದ. ಆಯ ಅಂದರೆ ಮನೆಯ ಉದ್ದಗಲವನ್ನು ಲೆಕ್ಕ ಹಾಕಿ, ಶುಭದ ಅಳತೆಗೆ ಬರಲೆಂದು ಒಂದೆರಡು ಅಂಗುಲ ಹಿಗ್ಗಿಸುವುದೋ ಕುಗ್ಗಿಸುವುದೋ ಮಾಡುವ ಪದ್ಧತಿ. ಎಲ್ಲ ಮನೆಗೂ ಮಾಡುತ್ತಾರೆ. ನನಗೆ ಅದು ಗೊತ್ತಿರಲಿಲ್ಲ. ಗೊತ್ತಿಲ್ಲ ಎಂದು ಒಪ್ಪಿಕೊಂಡರೆ ಟೇಪು ಹಿಡಿದ ಕೈಗೆ ಅವಮಾನ. "ಆಯನೂ ಇಲ್ಲ ಗೀಯನೂ ಇಲ್ಲ. ಸುಳ್ಳು ಹೇಳಿ ಕಲ್ಲು ಹೆಚ್ಚು ಹಾಕ್ಸಿದೀಯ" ಎಂದುಬಿಟ್ಟೆ.

ಅವನು ಜಗಳವಾಡಲಿಲ್ಲ. ಗೂಟಕ್ಕೆ ಕಟ್ಟಿದ್ದ ನೂಲನ್ನು ಬಿಚ್ಚಿ ಉಂಡೆ ಸುತ್ತಿದ. ಕರಣೆ, ತೂಗುಗುಂಡು, ಮಟ್ಟಗೋಲು ಎಲ್ಲವನ್ನೂ ಚೀಲಕ್ಕೆ ಹಾಕಿಕೊಂಡ. "ನಿಮ್ ಟೇಪಿಗೇ ಕಟ್ಟಕ್ ಹೇಳಿ ಸ್ವಾಮಿ" ಎಂದು ಹೇಳಿ ಹೊರಟುಹೋದ. ಅವನ ಹಿಂದೆ ಆಳುಗಳೂ ಹೋದರು.

ಸಿಟ್ಟಿನಲ್ಲಿ ಕೊಯ್ದುಕೊಂಡ ಮೂಗು ಸಮಾಧಾನವಾದ ಮೇಲೆ ಬಾರದು ಎನ್ನುತ್ತಾರೆ. ನನಗಂತೂ ಸಮಾಧಾನವಾಗುವುದಕ್ಕೇ ಹದಿನೈದು ದಿನ ಹಿಡಿಯಿತು. ಆಮೇಲೆ ಬೇರೆ ಮೇಸ್ತ್ರಿಗಳನ್ನು ಕೇಳಿದೆ. ಒಬ್ಬನ ಪಾಯದ ಮೇಲೆ ಇನ್ನೊಬ್ಬ ಗೋಡೆ ಏರಿಸುವುದಿಲ್ಲವಂತೆ. "ಅವ್ರು ಬುಟ್ಟಿದೀನಿ ಅಂತ ಹೇಳ್ಳಿ, ಮಾಡ್ತೀವಿ" ಎಂದರು. ಅಂದರೆ ಅವನ ಬಳಿಗೇ ಹೋಗಿ ಕೇಳಬೇಕು. ನಾನು ಹೋಗಲಿಲ್ಲ. ಪಾಯದ ತುಂಬ ಎಕ್ಕದ ಗಿಡ ಎದ್ದಿತು. ಯಾರದೋ ಮೇಕೆಗಳು ಮಧ್ಯಾಹ್ನ ಅಲ್ಲಿ ಮಲಗಲು ಶುರುಮಾಡಿದವು. ಹೆಂಡತಿ, "ಒಂದ್ಸಲ ಹೋಗಿ ಕರ್ಕೊಂಡ್ ಬನ್ರೀ, ನಿಮ್ಮ ಗಂಟೇನು ಹೋಗುತ್ತೆ" ಎಂದು ದಿನಕ್ಕೊಂದು ಸಲ ಹೇಳುತ್ತಿದ್ದಳು. ನಾನು ಸಿಡುಕುತ್ತಿದ್ದೆ.

ಈ ನಡುವೆ ಗುಬ್ಬಿಯಿಂದ ಭಾವನ ಕಾರ್ಡು ಬಂತು. ಅವರದು ದುಂಡಗಿನ ಅಕ್ಷರ. "ಎರಡು ವಾರದಿಂದ ಕಾರ್ಡಿಲ್ಲ. ಫೈಲು ಮೇಲಕ್ಕೆ ಹೋಗಿದೆಯೋ ಹೇಗೆ? ನಿನ್ನ ಅಕ್ಕ ದಿನಾ ಅಂಚೆಯವನನ್ನು ಕಾಯುತ್ತಾಳೆ." ತಮಾಷೆಗೆ ಬರೆದದ್ದು. ನನಗೆ ಉರಿದುಹೋಯಿತು. ಅದೇ ಸಂಜೆ ಕೂತು, "ಗೋಡೆ ಕೆಲಸ ಶುರುವಾಗಿದೆ. ಮೊಣಕಾಲುದ್ದ ಬಂದಿದೆ" ಎಂದು ಬರೆದು ಹಾಕಿದೆ. ಒಂದು ವಾರದಲ್ಲಿ ಮೇಸ್ತ್ರಿ ತಾನಾಗಿಯೇ ಬರುತ್ತಾನೆ, ಆಗ ಸುಳ್ಳು ನಿಜವಾಗುತ್ತದೆ ಎಂದುಕೊಂಡೆ.

ಅವನು ಬರಲಿಲ್ಲ. ವಾರ ಮಾತ್ರ ಬರುತ್ತಲೇ ಇತ್ತು.

ನಮ್ಮ ಸೈಟಿನ ಪಕ್ಕದ ಸೈಟಿನಲ್ಲಿ ಒಬ್ಬ ವಕೀಲರ ಮನೆ ಏಳುತ್ತಿತ್ತು. ನಾನು ನೋಡಲು ಶುರುಮಾಡುವ ಹೊತ್ತಿಗೇ ಅದಕ್ಕೆ ತಲೆಬಾಗಿಲಿನ ಚೌಕಟ್ಟು ನಿಂತು ಗೋಡೆ ಸ್ವಲ್ಪ ಎದ್ದಿತ್ತು. ದಿನಾ ಸಂಜೆ ಕಛೇರಿ ಬಿಟ್ಟ ಮೇಲೆ ಸೈಕಲ್ಲಿನಲ್ಲಿ ಅಲ್ಲಿಗೆ ಹೋಗುತ್ತಿದ್ದೆ. ನನ್ನ ಪಾಯದ ಮೇಲೆ ಮೇಕೆಗಳ ಜೊತೆ ಕೂತು ಅವರ ಗೋಡೆಯನ್ನು ನೋಡುತ್ತಿದ್ದೆ. ಭಾನುವಾರ ಅದನ್ನೇ ನನ್ನದೆಂದು ಬರೆಯುತ್ತಿದ್ದೆ. ಕಿಟಕಿ ಮಟ್ಟಕ್ಕೆ ಬಂತು ಎಂದು ಬರೆದೆ. ಇಟ್ಟಿಗೆ ಕೆಂಪಗೆ ಚೆನ್ನಾಗಿ ಬೆಂದಿದೆ, ತಟ್ಟಿದರೆ ಕಂಚಿನ ಹಾಗೆ ಸದ್ದು ಬರುತ್ತದೆ ಎಂದು ಬರೆದೆ. ಅದಕ್ಕಾಗಿ ವಕೀಲರ ಇಟ್ಟಿಗೆಯನ್ನು ನಿಜವಾಗಿ ತಟ್ಟಿ ನೋಡಿದ್ದೆ. ಅವರ ಕಾವಲಿನ ಮುದುಕ, "ಏನ್ ಸ್ವಾಮಿ, ನಿಮ್ದು ಯಾವಾಗ ಶುರು?" ಎಂದು ಕೇಳಿದಾಗ ಕುಂಬಳಕಾಯಿ ಕಳ್ಳನ ಹಾಗೆ ಹೆಗಲು ಮುಟ್ಟಿಕೊಳ್ಳುವಂತಾಯಿತು. ಆದರೂ ಬರೆಯುವುದು ನಿಲ್ಲಲಿಲ್ಲ. ಹೇಳಲು ನಾಚಿಕೆಯಾಗುತ್ತದೆ, ಬರೆಯುವಾಗ ಸಂತೋಷವೂ ಆಗುತ್ತಿತ್ತು. ಕಾರ್ಡಿನಲ್ಲಿ ನಾನು ಒಳ್ಳೆಯ ಯಜಮಾನ, ನನ್ನ ಮಾತನ್ನು ಆಳುಗಳು ಕೇಳುತ್ತಿದ್ದರು.

ಭಾವನ ಉತ್ತರಗಳಲ್ಲಿ ತಮಾಷೆ ಕಡಿಮೆಯಾಗುತ್ತಾ ಬಂದದ್ದನ್ನು ನಾನು ಗಮನಿಸಲಿಲ್ಲ. ಮೆಚ್ಚಿಕೊಂಡಿದ್ದಾರೆ ಎಂದುಕೊಂಡೆ. ಶಿವರಾತ್ರಿಯ ಹಿಂದುಮುಂದಿನ ಒಂದು ಕಾರ್ಡಿನಲ್ಲಿ, "ತಲೆಬಾಗಿಲ ಮೇಲೆ ಕಲ್ಲಿನ ತೊಲೆ ಕೂರಿಸಿದರು. ಏಳು ಜನ ಎತ್ತಬೇಕಾಯಿತು" ಎಂದು ಬರೆದೆ. ವಕೀಲರ ಮನೆಯಲ್ಲಿ ಅದನ್ನು ಕಣ್ಣಾರೆ ಕಂಡಿದ್ದೆನಾದ್ದರಿಂದ ಏಳು ಜನ ಎಂಬುದು ಮಾತ್ರ ನಿಜ. ಅದಕ್ಕೆ ಉತ್ತರ ಬರಲಿಲ್ಲ. ಮುಂದಿನ ಕಾರ್ಡಿಗೂ ಬರಲಿಲ್ಲ. ಮೂರು ವಾರ ನೋಡಿ, ಒಂದು ಭಾನುವಾರ ರೈಲು ಹತ್ತಿ ಗುಬ್ಬಿಗೆ ಹೋದೆ.

ಅಕ್ಕ ಬಾಗಿಲಲ್ಲಿ, "ಬಾ" ಎಂದಳು. ಕಾಲಿಗೆ ನೀರು ಕೊಟ್ಟಳು. ಹುರುಳಿಕಾಳಿನ ಸಾರು, ಮುದ್ದೆ ಬಡಿಸಿದಳು. ಮನೆಯ ಬಗ್ಗೆ ಒಂದು ಮಾತೂ ಕೇಳಲಿಲ್ಲ. ನಾನು ಎರಡನೆಯ ಮುದ್ದೆಗೆ ಕೈ ಹಾಕಿದಾಗ, ಎದುರಿಗೆ ಕೂತಿದ್ದ ಭಾವ ತಟ್ಟೆ ನೋಡುತ್ತಲೇ ಕೇಳಿದರು.

"ಬಾಗ್ಲು ನಿಲ್ಸಿದ್ದು ಯಾವತ್ತಪ್ಪ?"

"ಬಾಗ್ಲು ಇನ್ನೂ ಆಮೇಲಲ್ವಾ ಭಾವ, ಗೋಡೆ ಎಲ್ಲಾ ಮುಗಿದ್ಮೇಲೆ" ಎಂದು ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ವಕೀಲರ ಮನೆ ಕಣ್ಣೆದುರು ಬಂತು. ಚೌಕಟ್ಟು ಮೊದಲು ನಿಂತಿತ್ತು, ಗೋಡೆ ಅದರ ಅಕ್ಕಪಕ್ಕ ಏರಿತ್ತು. ಹುಟ್ಟಿದಂದಿನಿಂದ ಬಾಡಿಗೆ ಮನೆಯಲ್ಲೂ ಭಾವನ ಮನೆಯಲ್ಲೂ ಬೆಳೆದ ನಾನು, ಬಾಗಿಲು ನಿಲ್ಲಿಸುವುದು ಎಂದರೆ ಬಡಗಿ ಬಂದು ಕೊನೆಗೆ ಕದ ಜೋಡಿಸುವುದು ಎಂದುಕೊಂಡಿದ್ದೆ. ಪಾಯ ಆದೊಡನೆ ಮೊದಲು ನಿಲ್ಲುವುದೇ ತಲೆಬಾಗಿಲು. ಆ ದಿನ ಯಜಮಾನನ ಒಡಹುಟ್ಟಿದ ಹೆಣ್ಣುಮಗಳು ಹೊಸ್ತಿಲಿಗೆ ಅರಿಶಿನ ಹಚ್ಚಿ ಹಾಲು ಹುಯ್ದು ಆರತಿ ಎತ್ತಬೇಕು. ಆಮೇಲೆಯೇ ಅದರ ಪಕ್ಕ ಮೊದಲ ಇಟ್ಟಿಗೆ. ಗೋಡೆ ಮೊಣಕಾಲುದ್ದ ಬಂದಿದೆ ಎಂದು ಮೊದಲ ಸುಳ್ಳು ಬರೆದ ದಿನವೇ, ಅಕ್ಕನನ್ನು ಕರೆಯದೆ ಬಾಗಿಲು ನಿಲ್ಲಿಸಿದ್ದೇನೆ ಎಂದು ಅವಳ ಮನೆಯವರ ಮುಂದೆ ಸಾರಿದ್ದೆ. ವಾರ ವಾರವೂ ಮತ್ತೆ ಮತ್ತೆ ಸಾರುತ್ತಾ ಬಂದಿದ್ದೆ. ಅದನ್ನು ಭಾವ ಗಟ್ಟಿಯಾಗಿ ಓದಿ ಹೇಳಿದ್ದರು. ಅವಳು ಕೇಳಿಸಿಕೊಂಡಿದ್ದಳು.

ಆಗ ಹೇಳಬಹುದಾಗಿತ್ತು. 'ಭಾವ, ಗೋಡೆಯೇ ಇಲ್ಲ, ಬರೆದದ್ದೆಲ್ಲ ಸುಳ್ಳು, ಮೇಸ್ತ್ರಿ ಬಿಟ್ಟುಹೋಗಿದ್ದಾನೆ, ಪಾಯದಲ್ಲಿ ಮೇಕೆ ಮಲಗುತ್ತವೆ' ಎಂದರೆ ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಅಕ್ಕನ ಮುಖ ಅರಳುತ್ತಿತ್ತು. ನಾನು ನಗೆಪಾಟಲಾಗುತ್ತಿದ್ದೆ, ಅಷ್ಟೇ. ಅದನ್ನು ತಾಳಲಾರದೆ ನಾನು ಹೇಳಿದ್ದೇ ಬೇರೆ.

"ಇವಳು ಅವಸರ ಮಾಡ್ಬಿಟ್ಲು ಭಾವ. ಅವಳ ತವರಿನ ಪುರೋಹಿತರು ಒಂದೇ ಮುಹೂರ್ತ ಇರೋದು ಅಂದ್ರಂತೆ. ನಂಗೂ ಆವತ್ತು ಬೆಳಗ್ಗೆನೇ ಗೊತ್ತಾಗಿದ್ದು. ಹೇಳಿ ಕಳ್ಸೋಕೂ ಹೊತ್ತಿರ್ಲಿಲ್ಲ."

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಅಕ್ಕ ಮೆಲ್ಲಗೆ, "ಹಾಲು ಯಾರು ಹುಯ್ದ್ರು?" ಎಂದಳು.

"ಅವಳ ಅಕ್ಕ" ಎಂದೆ. ಯಾಕೆ ಹಾಗಂದೆನೋ ತಿಳಿಯದು. ಒಂದು ಸುಳ್ಳಿಗೆ ಇನ್ನೊಂದು ತಾನಾಗಿಯೇ ಬಂದು ಹೊಂದಿಕೊಂಡಿತು.

ಅಕ್ಕ ಅನ್ನದ ಪಾತ್ರೆ ತಂದಳು. "ಆಗ್ಲಿ ಬಿಡು. ಅವ್ಳೂ ಮುತ್ತೈದೆ ತಾನೆ. ಅನ್ನ ಹಾಕ್ಲಾ?" ಎಂದಳು. ನಾನು ಹಾಕು ಎಂದೆ. ಮಜ್ಜಿಗೆ ಹಾಕಿಸಿಕೊಂಡು ಪೂರ್ತಿ ಊಟ ಮಾಡಿದೆ. ಆ ಊಟ ಗಂಟಲಲ್ಲಿ ಇಳಿಯಲಿಲ್ಲ ಎಂದು ಬರೆದರೆ ಚೆಂದ ಕಾಣುತ್ತದೆ, ಆದರೆ ಸುಳ್ಳಾಗುತ್ತದೆ. ತಪ್ಪಿಸಿಕೊಂಡೆ ಎಂಬ ಸಮಾಧಾನದಲ್ಲಿ ಚೆನ್ನಾಗಿಯೇ ಇಳಿಯಿತು.

ಭಯ ಶುರುವಾದದ್ದು ವಾಪಸು ಬರುವ ರೈಲಿನಲ್ಲಿ. ಈಗ ಗೋಡೆ ಎದ್ದೇ ತೀರಬೇಕು, ಅದೂ ಬೇಗ. ಮಾರನೆಯ ದಿನವೇ ರಜ ಹಾಕಿ ಕುಣಿಗಲ್ಲಿಗೆ ಬಸ್ಸು ಹಿಡಿದೆ. ಅಲ್ಲಿಂದ ಇನ್ನೊಂದು ಬಸ್ಸು, ಆಮೇಲೆ ಬಿಸಿಲಲ್ಲಿ ನಡಿಗೆ. ಹುತ್ರಿದುರ್ಗದ ಬೆಟ್ಟದ ಬುಡದ ಹಳ್ಳಿಯಲ್ಲಿ ಮೇಸ್ತ್ರಿ ತನ್ನ ದನದ ಕೊಟ್ಟಿಗೆಗೆ ಮಣ್ಣಿನ ಗೋಡೆ ಹಾಕುತ್ತಿದ್ದ. ನನ್ನನ್ನು ಕಂಡು ಕೈ ತೊಳೆದುಕೊಂಡ. ದಾರಿಯುದ್ದಕ್ಕೂ ನಾನು ಅಭ್ಯಾಸ ಮಾಡಿಕೊಂಡು ಬಂದಿದ್ದ ಮಾತುಗಳು ಅರ್ಧಕ್ಕೇ ತೊದಲಿದವು.

"ತಪ್ಪಾಯ್ತು ಮೇಸ್ತ್ರಿ. ಆಯದ ವಿಷ್ಯ ನಂಗೆ ಗೊತ್ತಿರ್ಲಿಲ್ಲ."

"ಅದ್ಕೇನ್ ಬುಡಿ ಸ್ವಾಮಿ. ಇಷ್ಟು ದೂರ ಬರ್ಬೇಕಿತ್ತಾ? ಯಾರ್ ಕೈಲಾದ್ರೂ ಒಂದ್ ಮಾತು ಹೇಳ್ ಕಳ್ಸಿದ್ರೆ ಬತ್ತಿದ್ದೆ" ಎಂದ. ಮಗಳನ್ನು ಕೂಗಿ ಮಜ್ಜಿಗೆ ತರಿಸಿದ. ನಾಲ್ಕು ತಿಂಗಳು ನಾನು ಹೊತ್ತುಕೊಂಡು ತಿರುಗಿದ್ದ ಜಗಳವನ್ನು ಅವನು ಬಸ್ಸಿಗೆ ಕಾಯುವಾಗಲೇ ಮರೆತಿದ್ದನೋ ಏನೋ. ಯುಗಾದಿ ಕಳೆದು ಬರುತ್ತೇನೆ ಎಂದ, ಬಂದ.

ತಲೆಬಾಗಿಲು ನಿಲ್ಲಿಸುವ ದಿನ ಗೊತ್ತಾಯಿತು. ಹೆಂಡತಿ ಸಂಭ್ರಮದಿಂದ ರವಿಕೆ ಕಣ ತಂದಿಟ್ಟಳು. "ಅತ್ತಿಗೇನ ಕರೆಯೋಕೆ ನೀವು ಹೋಗ್ತೀರೋ, ಕಾರ್ಡು ಹಾಕ್ತೀರೋ? ಹೋಗೇ ಕರೀರಿ, ಅವ್ರದ್ದಲ್ವಾ ಈ ಶಾಸ್ತ್ರ" ಎಂದಳು.

ನಾನು ಹೇಗೆ ಕರೆಯಲಿ? ಅಕ್ಕನ ಲೆಕ್ಕದಲ್ಲಿ ಬಾಗಿಲು ನಿಂತು ತಿಂಗಳುಗಳೇ ಆಗಿದ್ದವು. ಅದರ ಮೇಲೆ ಏಳು ಜನ ಸೇರಿ ತೊಲೆ ಕೂರಿಸಿದ್ದರು. ಕರೆದರೆ ಎಲ್ಲವೂ ಹೊರಗೆ ಬರಬೇಕು. ಎರಡು ದಿನ ಒದ್ದಾಡಿದೆ. ಮೂರನೆಯ ದಿನ ಹೆಂಡತಿಗೆ, "ಅಕ್ಕಂಗೆ ಮೈ ಹುಷಾರಿಲ್ವಂತೆ. ಬರೋಕಾಗಲ್ಲ, ನೀವೇ ಮುಗಿಸ್ಕೊಳ್ಳಿ ಅಂದಿದ್ದಾರೆ" ಎಂದೆ. ಮಾತು ಮನೆ ಕೆಡಿಸಿತು ಎಂಬ ಗಾದೆಯನ್ನು ನಾನು ಶಾಲೆಯಲ್ಲಿ ಬರೆದು ಮಾರ್ಕು ತೆಗೆದುಕೊಂಡವನು. ಯಾವ ಅವಮಾನವನ್ನು ಮಾಡದೆಯೇ ಮಾಡಿದ್ದೇನೆ ಎಂದು ಬರೆದಿದ್ದೆನೋ, ಅದನ್ನು ಈಗ ನಿಜವಾಗಿ ಮಾಡಿದೆ.

ಅಂದು ಬೆಳಗ್ಗೆ ಚೌಕಟ್ಟಿಗೆ ಮಾವಿನ ಸೊಪ್ಪು ಕಟ್ಟಿ, ನವಧಾನ್ಯದ ಗಂಟು ಕಟ್ಟಿ ಎಲ್ಲ ಸಿದ್ಧವಾಯಿತು. ಮೇಸ್ತ್ರಿ ನೂಲು ಹಿಡಿದು ನಿಂತು, "ಹೆಣ್ಮಗಳು ಎಲ್ಲಿ ಸ್ವಾಮಿ? ಕರೀರಿ" ಎಂದ. ಇಲ್ಲ ಎಂದೆ. ಯಜಮಾನಿಯೇ ಹಾಲು ಹುಯ್ಯುವ ಹಾಗಿಲ್ಲ, ಬೇರೆ ಯಾರಾದರೂ ಆಗಬೇಕು ಎಂದ. ಸುತ್ತ ನೋಡಿ, ಮಣ್ಣು ಹೊರುತ್ತಿದ್ದ ಹೆಂಗಸರಲ್ಲಿ ವಯಸ್ಸಾದವಳೊಬ್ಬಳನ್ನು ಕರೆದ. ಆಕೆ ಸೆರಗಿನಲ್ಲಿ ಕೈ ಒರೆಸಿಕೊಂಡು ಬಂದು, ಹಾಲಿನ ಲೋಟ ಹಿಡಿದು, ನನ್ನನ್ನು ಕೇಳಿದಳು:

"ನಿಮ್ಮಕ್ಕನ ಹೆಸ್ರೇನು ಸ್ವಾಮಿ? ಅವ್ರ ಹೆಸ್ರು ಹೇಳಿ ಹುಯ್ತೀನಿ."

ಹೆಸರು ಹೇಳಿದೆ. ಆಕೆ ಅದನ್ನು ಎರಡು ಸಲ ಬಾಯಿಯಲ್ಲಿ ಹೇಳಿಕೊಂಡು, ಹೊಸ್ತಿಲ ಎರಡೂ ತುದಿಗೆ ಒಂದು ತೊಟ್ಟೂ ಆಚೆ ಚೆಲ್ಲದ ಹಾಗೆ ಹುಯ್ದಳು. ನನ್ನ ಹೆಂಡತಿ ಕಣ್ಣೊರೆಸಿಕೊಂಡಳು. ನನಗೆ ಅಲ್ಲಿ ನಿಲ್ಲಲಾಗಲಿಲ್ಲ. ನೀರು ತರುವ ನೆಪ ಮಾಡಿ ವಕೀಲರ ಮನೆಯ ಹಿಂದಕ್ಕೆ ಹೋಗಿ ನಿಂತೆ.

ಆಮೇಲೆ ಕೆಲಸ ಚೆನ್ನಾಗಿಯೇ ನಡೆಯಿತು. ನಾನು ಕಾರ್ಡು ಹಾಕುವುದನ್ನು ನಿಲ್ಲಿಸಿದ್ದೆ, ಗುಬ್ಬಿಯಿಂದಲೂ ಯಾರೂ ಕೇಳಲಿಲ್ಲ. ಕಾರ್ತೀಕದಲ್ಲಿ ಗೃಹಪ್ರವೇಶ. ಕುಂಕುಮ ಹಿಡಿದು ನಾನೇ ಕರೆಯಲು ಹೋದೆ. ಭಾವ ತಿಪಟೂರಿನಲ್ಲಿ ಕೆಲಸವಿದೆ ಎಂದರು. ಅಕ್ಕ ಒಬ್ಬಳೇ ಬೆಳಗಿನ ರೈಲಿಗೆ ಬಂದಳು, ಕೈಯಲ್ಲಿ ಒಂದು ಹೊಸ ಸೀರೆ, ಐದು ತೆಂಗಿನಕಾಯಿ. ಆ ನೆಲಕ್ಕೆ ಅವಳು ಕಾಲಿಟ್ಟದ್ದು ಅಂದೇ ಮೊದಲು.

ನನ್ನ ಹೆಂಡತಿ ಕಾಲಿಗೆ ನೀರು ತೆಗೆದುಕೊಂಡು ಓಡಿಹೋದಳು. ನಾನು ಹೊಸ್ತಿಲ ಒಳಗಿದ್ದೆ. ಪ್ರತಿಯೊಂದು ಮಾತೂ ಕೇಳಿಸಿತು.

"ಬನ್ನಿ ಅತ್ತಿಗೆ. ಅವತ್ತು ಬಾಗ್ಲು ನಿಲ್ಸೋವಾಗ ನೀವಿಲ್ದೆ ನಂಗೆ ಸಮಾಧಾನವೇ ಇರ್ಲಿಲ್ಲ. ಪಾಪ, ಯುಗಾದಿ ಕಳೆದ ಹೊಸದ್ರಲ್ಲೇ ಮಲಗ್ಬಿಟ್ರಂತೆ. ಏನಾಗಿತ್ತು? ಈಗ ಮೈ ಹೆಂಗಿದೆ?"

ಅಕ್ಕ ತಲೆ ಎತ್ತಿ ನನ್ನನ್ನು ನೋಡಿದಳು. ಹೆಚ್ಚು ಹೊತ್ತಲ್ಲ. ನಾನು ಬಾಗಿಲಿಗೆ ಕಟ್ಟಿದ್ದ ತೋರಣವನ್ನು ಸರಿಮಾಡುವವನ ಹಾಗೆ ಕೈ ಮೇಲೆತ್ತಿದೆ.

"ಏನೋ ಚಳಿಜ್ವರ ಕಣಮ್ಮ. ಈಗ ವಾಸಿ" ಎಂದು ಅವಳು ಹೇಳಿದ್ದು ಕೇಳಿಸಿತು.

ಒಳಗೆ ಬರುವಾಗ ಬಗ್ಗಿ ಹೊಸ್ತಿಲು ಮುಟ್ಟಿ ಕಣ್ಣಿಗೊತ್ತಿಕೊಂಡಳು. ಇಡೀ ದಿನ ಅಡುಗೆಯವರ ಹಿಂದೆ ನಿಂತು ಬಡಿಸಿದಳು. ಬಂದವರಿಗೆಲ್ಲ ಮನೆ ತೋರಿಸಿದಳು. ಮಧ್ಯಾಹ್ನ ನೋಡಿದರೆ ನನ್ನ ಹೆಂಡತಿಯನ್ನು ಮುಂದೆ ಕೂರಿಸಿಕೊಂಡು ತಲೆ ಬಾಚುತ್ತಿದ್ದಳು. ಪಕ್ಕದಲ್ಲಿ ಹೆಂಡತಿಯ ಅಕ್ಕ ಕೂತು ಹೂ ಕಟ್ಟುತ್ತಿದ್ದರು. ಮೂವರೂ ಏನೋ ಮಾತಾಡುತ್ತಿದ್ದರು. ಏನಿರಬಹುದು ಎಂದು ನಾನು ಹತ್ತಿರ ಹೋಗಲಿಲ್ಲ.

ಸಂಜೆ ಅವಳನ್ನು ರೈಲು ಹತ್ತಿಸಲು ಹೋದೆ. ಸ್ಟೇಷನ್ನಿನ ಕಲ್ಲುಬೆಂಚಿನ ಮೇಲೆ ಕೂತೆವು. ಅವಳು ಹಳಿಗಳ ಕಡೆ ನೋಡುತ್ತಲೇ, "ನಿನ್ ಹೆಂಡ್ತಿ ಅಕ್ಕ ಈ ಮನೇನ ನೋಡ್ತಿರೋದು ಇವತ್ತೇ ಮೊದ್ಲಂತೆ" ಎಂದಳು.

ನಾನು ರೈಲು ಬರುವ ಕಡೆಗೆ ಮುಖ ತಿರುಗಿಸಿದೆ.

"ನಿನ್ ಹೆಂಡ್ತೀನ ಎಂಟು ತಿಂಗ್ಳು ಮನ್ಸಲ್ಲೇ ಬೈಕೊಂಡಿದ್ದೆ ಕಣೋ. ನನ್ನ ಹಾಲು ಕಿತ್ಕೊಂಡ್ಲು ಅಂತ. ಇವತ್ತು ಅವ್ಳೇ ನನ್ನ ಕಾಲಿಗೆ ನೀರು ಹುಯ್ದ್ಲು."

"ಅಕ್ಕ" ಎಂದೆ. ಕಾರ್ಡುಗಳ ವಿಷಯ ನಾಲಿಗೆಯ ತುದಿಯಲ್ಲಿತ್ತು. ಗೋಡೆಯೇ ಇರಲಿಲ್ಲ, ಬಾಗಿಲೂ ಇರಲಿಲ್ಲ, ನೀನು ಬೇಡವೆಂದು ನಾನು ಯಾವತ್ತೂ ಅಂದುಕೊಳ್ಳಲಿಲ್ಲ ಎಂದು ಹೇಳಿದ್ದರೆ ಸಾಕಿತ್ತು. ಅವಳು ಅಂದು ತಿಳಿದುಕೊಂಡು ಹೊರಟಿದ್ದು, ಹೆಂಡತಿಯಲ್ಲ, ತಮ್ಮನೇ ತನ್ನನ್ನು ಬೇಡವೆಂದ ಎಂದು. ದೊಡ್ಡ ಕೆಲಸ, ಸ್ವಂತ ಮನೆ ಆದ ಮೇಲೆ ಗುಬ್ಬಿಯ ಓದು ಬಾರದ ಅಕ್ಕನನ್ನು ನಾಲ್ಕು ಜನರ ಮುಂದೆ ನಿಲ್ಲಿಸಲು ನಾಚಿಕೊಂಡ ಎಂದು. ಸುಳ್ಳಿಗಿಂತ ಸತ್ಯವೇ ಅವಳಿಗೆ ಸುಖ ಕೊಡುತ್ತಿತ್ತು. ಬರೀ ಒಂದು ಜಂಬದ ಮಾತನ್ನು ಒಪ್ಪಿಕೊಳ್ಳಲು ಹೆದರಿ ನಾನು ಅದನ್ನೂ ಕೊಡಲಿಲ್ಲ. ಅವಳು ಇದ್ದಷ್ಟು ಕಾಲವೂ ಕೊಡಲಿಲ್ಲ.

ರೈಲು ಬಂತು. ಅವಳು ಹತ್ತಿ ಕಿಟಕಿಯ ಪಕ್ಕ ಕೂತಳು. ಸೆರಗು ಸರಿಮಾಡಿಕೊಂಡು, ಬಗ್ಗಿ, ಪಕ್ಕದವರಿಗೆ ಕೇಳಿಸದ ಹಾಗೆ ನನ್ನನ್ನು ಹತ್ತಿರ ಕರೆದಳು.

"ನಿನ್ ಹೆಂಡ್ತಿ ಏನಾಗಿತ್ತು ಅಂತ ಇನ್ನೊಂದ್ಸಲ ಕೇಳಿದ್ಲು. ಚಳಿಜ್ವರ, ಎಂಟು ದಿನ ಮಲಗಿದ್ದೆ ಅಂದಿದೀನಿ. ನೀನು ಮರ್ತು ಬೇರೆ ಏನಾದ್ರೂ ಹೇಳ್ಬಿಟ್ಟೀಯ. ನಿನ್ನ ಮೇಲೆ ಅವ್ಳಿಗೆ ಅನುಮಾನ ಬರ್ಬಾರ್ದು. ಚಳಿಜ್ವರ. ಎಂಟು ದಿನ. ನೆನಪಿರುತ್ತಾ?"

"ಹೂಂ ಅಕ್ಕ" ಎಂದೆ.